ಕ್ಯಾಸನೂರಿನ ಮಂಗಗಳು, ನ್ಯೂ ಟೌನಿನ ಸೊಳ್ಳೆಗಳು

1957ರ ಬೇಸಿಗೆ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದ್ದವು. ಕಪ್ಪು ಮೋರೆಯ ಮುಸಿಯ, ಕೆಂಪು ಮೋರೆಯ ಮಂಗ ಎರಡೂ ಸಾಯುತ್ತಿದ್ದವು. ಅದೇ ಹೊತ್ತಿಗೆ ಕಾಡಿನಂಚಿನ ಹಳ್ಳಿಗಳಲ್ಲಿ ಜನ ಮಲಗಿದರು. ಇದ್ದಕ್ಕಿದ್ದಂತೆ ಏರುವ ಜ್ವರ, ತಲೆ ಸಿಡಿಯುವ ನೋವು, ಎದ್ದು ನಿಲ್ಲಲಾಗದಷ್ಟು ಮೈಕೈ ಸೆಳೆತ. ಕೆಲವರಿಗೆ ಮೂಗು, ವಸಡುಗಳಿಂದ ರಕ್ತ. ಮೊದಲು ನೋಡಿದವರು ಇದು ಟೈಫಾಯಿಡ್ ಇರಬೇಕೆಂದುಕೊಂಡರು. ಆದರೆ ಟೈಫಾಯಿಡ್ ಬಂದರೆ ಮಂಗಗಳೇಕೆ ಸಾಯಬೇಕು?

ಹಳ್ಳಿಯವರ ಮಟ್ಟಿಗೆ ಮಂಗದ ಸಾವಿಗೂ ಮನೆಯ ಜ್ವರಕ್ಕೂ ನಂಟಿರುವುದು ಸ್ಪಷ್ಟವಾಗಿತ್ತು. ಅವರು ಅದನ್ನು ‘ಮಂಗನ ಕಾಯಿಲೆ’ ಎಂದರು, ಆ ಹೆಸರೇ ಇಂದಿಗೂ ಉಳಿದಿದೆ. ವಿಜ್ಞಾನದ ಪುಸ್ತಕಗಳಲ್ಲಿ ಅದು ‘ಕ್ಯಾಸನೂರು ಫಾರೆಸ್ಟ್ ಡಿಸೀಸ್’, ಆಸ್ಪತ್ರೆಗಳಲ್ಲಿ ಮೂರಕ್ಷರದ ‘ಕೆಎಫ್‌ಡಿ’.

ಮಂಗಗಳು ಸಾಯುತ್ತಿವೆ ಎಂಬ ಸುದ್ದಿ ಪುಣೆ ತಲುಪಿದಾಗ ಅಲ್ಲಿನವರನ್ನು ಬೆಚ್ಚಿಸಿದ್ದು ಬೇರೊಂದು ಹೆಸರು: ಹಳದಿ ಜ್ವರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಸೇರಿ 1952ರಲ್ಲಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರವನ್ನು ಕಟ್ಟಿದ್ದವು. ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ. ಕೀಟಗಳಿಂದ ಹರಡುವ ವೈರಸ್‌ಗಳನ್ನು ಹುಡುಕುವುದೇ ಅದರ ಕೆಲಸ, ಮತ್ತು ಅಂಥ ವೈರಸ್‌ಗಳಲ್ಲಿ ಅತಿ ಕುಖ್ಯಾತವಾದದ್ದು ಹಳದಿ ಜ್ವರದ್ದು.

ಅವರ ಅಂಜಿಕೆಗೆ ಕಾರಣವಿತ್ತು. ಹಳದಿ ಜ್ವರದ ಮೂಲ ಆಫ್ರಿಕಾದ ಕಾಡು. ಗುಲಾಮರನ್ನು ಸಾಗಿಸುವ ಹಡಗುಗಳಲ್ಲಿ ವೈರಸ್ಸೂ ಅದನ್ನು ಹೊರುವ ಈಡಿಸ್ ಈಜಿಪ್ಟೈ ಸೊಳ್ಳೆಯೂ ಅಟ್ಲಾಂಟಿಕ್ ದಾಟಿ ಅಮೆರಿಕ ಖಂಡ ಸೇರಿದವು. ಈ ಜ್ವರಕ್ಕೆ ಸೊಳ್ಳೆಯೇ ಕಾರಣವೆಂದು ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೇ 1881ರಲ್ಲೇ ಹೇಳಿದ್ದರೂ ಜಗತ್ತು ನಂಬಿದ್ದು 1900ರಲ್ಲಿ ವಾಲ್ಟರ್ ರೀಡ್ ತಂಡ ಅದನ್ನು ಸಾಧಿಸಿ ತೋರಿಸಿದ ಮೇಲೆ. ಊರಿನ ಸೊಳ್ಳೆಯನ್ನು ಕೊಂದರೆ ರೋಗ ಮುಗಿಯಿತು ಎಂದುಕೊಂಡಿದ್ದವರಿಗೆ 1930ರ ದಶಕದಲ್ಲಿ ಬ್ರೆಜಿಲ್ ಇನ್ನೊಂದು ಪಾಠ ಕಲಿಸಿತು. ಈಡಿಸ್ ಈಜಿಪ್ಟೈ ಸುಳಿವೇ ಇಲ್ಲದ ಕಾಡಿನಂಚಿನಲ್ಲೂ ಜನ ಹಳದಿ ಜ್ವರದಿಂದ ಸಾಯುತ್ತಿದ್ದರು. ವೈರಸ್ ಅಲ್ಲಿ ಮರದ ನೆತ್ತಿಯ ಮೇಲೆ, ಮಂಗ ಮತ್ತು ಕಾಡುಸೊಳ್ಳೆಗಳ ನಡುವೆ ಸುತ್ತುತ್ತಿತ್ತು.

ಮರದ ನೆತ್ತಿಯ ವೈರಸ್ ನೆಲದ ಮೇಲಿನ ಮನುಷ್ಯನಿಗೆ ಹೇಗೆ ಬಂತು? ಇದನ್ನು ಬಿಡಿಸಿದವರಲ್ಲಿ ಒಬ್ಬರು ಕೊಲಂಬಿಯಾದ ವೈದ್ಯ ಹೋರ್ಹೆ ಬೊಶೆಲ್. ಕಾಡಿನಲ್ಲಿ ಮರ ಕಡಿಯುವವರ ಬಳಿ ಅವರು ನಿಂತಿದ್ದಾಗ ದೊಡ್ಡ ಮರವೊಂದು ಉರುಳಿತು. ಅದರ ಜೊತೆ ನೀಲಿ ಹೊಳಪಿನ ಹೀಮಗೋಗಸ್ ಸೊಳ್ಳೆಗಳು ಕೆಳಗಿಳಿದು ಕೂಲಿಗಳನ್ನು ಮುತ್ತಿದವು. ಮೇಲೆಯೇ ಬದುಕುವ ಸೊಳ್ಳೆಯನ್ನು ಕೊಡಲಿ ಕೆಳಗಿಳಿಸಿತ್ತು.

ಏಷ್ಯಾದಲ್ಲಿ ಹಳದಿ ಜ್ವರ ಅಂದೂ ಇರಲಿಲ್ಲ, ಇಂದೂ ಇಲ್ಲ. ಆದರೆ ಭಾರತದ ಊರೂರಲ್ಲೂ ಈಡಿಸ್ ಈಜಿಪ್ಟೈ ಇತ್ತು, ಕಾಡುಗಳ ತುಂಬ ಮಂಗಗಳಿದ್ದವು, ಲಸಿಕೆ ಹಾಕಿಸಿಕೊಳ್ಳದ ಕೋಟ್ಯಂತರ ಜನರಿದ್ದರು. ಮಂಗಗಳು ಸಾಯುವ ಕಾಡು, ಜ್ವರ, ರಕ್ತಸ್ರಾವ ಎಂದರೆ ದಕ್ಷಿಣ ಅಮೆರಿಕವನ್ನು ಕಂಡವರಿಗೆ ಮೊದಲು ಹೊಳೆಯುವುದು ಅದೇ. ಪುಣೆ ಕೇಂದ್ರದ ನಿರ್ದೇಶಕ ಟೆಲ್ಫರ್ಡ್ ವರ್ಕ್ ತಂಡದೊಡನೆ ಸೊರಬಕ್ಕೆ ಧಾವಿಸಿದರು.

ಸತ್ತ ಮಂಗಗಳಿಂದ, ಮಲಗಿದ ಮನುಷ್ಯರಿಂದ ಅದೇ ಬೇಸಿಗೆಯಲ್ಲಿ ವೈರಸ್ ಸಿಕ್ಕಿತು. ಅದು ಹಳದಿ ಜ್ವರದ್ದಾಗಿರಲಿಲ್ಲ. ಅದರ ಹತ್ತಿರದ ನೆಂಟ ಸಿಕ್ಕಿದ್ದು ಯಾರೂ ನಿರೀಕ್ಷಿಸದ ಕಡೆ, ಸೋವಿಯತ್ ರಷ್ಯಾದ ಚಳಿಗಾಡುಗಳಲ್ಲಿ. ಅಲ್ಲಿ ಮಿದುಳು ಜ್ವರ ತರುವ ಒಂದು ವೈರಸ್ ಈ ಮಲೆನಾಡಿನ ವೈರಸ್‌ಗೆ ದಾಯಾದಿಯಂತಿತ್ತು, ಮತ್ತು ಅದು ಹರಡುವುದು ಸೊಳ್ಳೆಯಿಂದಲ್ಲ, ಉಣುಗಿನಿಂದ. ಸೊರಬದ ಕಾಡಿನ ತರಗೆಲೆಗಳಲ್ಲಿ ಹುಡುಕಿದಾಗ ಅಲ್ಲಿಯೂ ಉಣುಗುಗಳಲ್ಲೇ ವೈರಸ್ ಸಿಕ್ಕಿತು. ಮುಖ್ಯ ಆರೋಪಿ ಹೀಮಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿ. ಹೀಗೆ ಸೊಳ್ಳೆಯನ್ನು ಹುಡುಕಿಕೊಂಡು ಬಂದವರು ಉಣುಗಿನ ಬೆನ್ನು ಹತ್ತಿದರು.

ಮುಂದಿನ ಪ್ರಶ್ನೆ, ಇದು ಎಲ್ಲಿಂದ ಬಂತು ಎಂಬುದು. ನೆಂಟ ಸೈಬೀರಿಯಾದಲ್ಲಿದ್ದರೆ ವೈರಸ್ ಅಲ್ಲಿಂದಲೇ ಬಂದಿರಬೇಕಲ್ಲವೇ? ಚಳಿಗಾಲದಲ್ಲಿ ಉತ್ತರದಿಂದ ಭಾರತಕ್ಕೆ ಬರುವ ವಲಸೆ ಹಕ್ಕಿಗಳ ಮೈಮೇಲೆ ಸೋಂಕಿನ ಉಣುಗು ಬಂದಿರಬಹುದೆಂಬ ಊಹೆ ಹುಟ್ಟಿತು. ಅದನ್ನು ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟಿತು, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಲೀಂ ಅಲಿ ಮುಂದಾಳಾದರು. ಹೀಗೆ ಭಾರತದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆ ಅಧ್ಯಯನ ಮಾಡುವ ದೊಡ್ಡ ಯೋಜನೆ ಶುರುವಾದದ್ದಕ್ಕೆ ಕ್ಯಾಸನೂರಿನ ಮಂಗಗಳ ಸಾವು ಒಂದು ಕಾರಣ. ಆಮೇಲೆ ಅಮೆರಿಕದ ಸೇನೆಯ ಸಂಶೋಧನಾ ಹಣವೂ ಈ ಕೆಲಸಕ್ಕೆ ಸೇರಿತು. 1970ರ ದಶಕದಲ್ಲಿ, ಜೈವಿಕ ಯುದ್ಧಕ್ಕೆ ಬೇಕಾದ ಮಾಹಿತಿಯನ್ನು ಭಾರತದ ನೆಲದಲ್ಲಿ ಕಲೆಹಾಕುತ್ತಿದ್ದಾರೆಯೇ ಎಂಬ ಅನುಮಾನ ಪತ್ರಿಕೆಗಳಲ್ಲೂ ಸಂಸತ್ತಿನಲ್ಲೂ ಎದ್ದು ದೊಡ್ಡ ಗದ್ದಲವಾಯಿತು. ಹಕ್ಕಿಗಳ ದಾರಿಯ ಬಗ್ಗೆ ಅಪಾರ ವಿವರ ಸಿಕ್ಕಿತು. ಮಲೆನಾಡಿಗೆ ವೈರಸ್ ತಂದ ಹಕ್ಕಿ ಮಾತ್ರ ಸಿಗಲಿಲ್ಲ.

ಉತ್ತರ ಹುಡುಕಬೇಕಿದ್ದ ಜಾಗ ಕ್ಯಾಸನೂರಿನ ಸುತ್ತಲೇ ಇತ್ತು. ಸಾಗರದಲ್ಲಿ ಪುಣೆ ಕೇಂದ್ರದ ಕ್ಷೇತ್ರ ಕಚೇರಿ ತೆರೆಯಿತು. ಹೆರಾಲ್ಡ್ ಟ್ರಪಿಡೋ, ಮುಂದೆ ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದ ನಿರ್ದೇಶಕರಾದ ಪಿ.ಕೆ. ರಾಜಗೋಪಾಲನ್ ಮುಂತಾದವರು ಕಾಡಿನಲ್ಲಿ ಬಟ್ಟೆ ಎಳೆದು ಉಣುಗು ಹಿಡಿದರು. ಇಲಿ, ಮೂಗಿಲಿ, ಅಳಿಲು, ಹಕ್ಕಿ, ದನಗಳ ಮೈಯನ್ನೆಲ್ಲ ಹುಡುಕಿದರು. 1960ರ ದಶಕದಲ್ಲಿ ಅವರನ್ನು ಬಂದು ಸೇರಿದವರು ಬೇರೆ ಯಾರೂ ಅಲ್ಲ, ಕೊಲಂಬಿಯಾದಲ್ಲಿ ನೀಲಿ ಸೊಳ್ಳೆಗಳು ಇಳಿದದ್ದನ್ನು ಕಂಡ ಅದೇ ಹೋರ್ಹೆ ಬೊಶೆಲ್.

ಸೊರಬ ಕಾನುಗಳ ತಾಲ್ಲೂಕು. ವರ್ಷವಿಡೀ ಹಸಿರಾಗಿರುವ, ಊರಿನವರು ದೇವರ ಹೆಸರಿನಲ್ಲಿ ಕಾಯ್ದುಕೊಂಡು ಬಂದ, ಕಾಳುಮೆಣಸು, ಜೇನು ಕೊಡುವ ಕಾಡುತುಂಡುಗಳಿಗೆ ಅಲ್ಲಿ ಕಾನು ಎನ್ನುತ್ತಾರೆ. ಕಾನುಗಳ ನಡುವೆ ಗದ್ದೆ, ಗದ್ದೆಯ ಮೇಲ್ಗಡೆ ಅಡಿಕೆ ತೋಟ, ತೋಟಕ್ಕೆ ಸೊಪ್ಪು ಕೊಡುವ ಸೊಪ್ಪಿನಬೆಟ್ಟ. ಸೌದೆಗೆ, ದರಕು ಎನ್ನುವ ತರಗೆಲೆಗೆ, ಮೇವಿಗೆ ಜನ ದಿನವೂ ಕಾಡಿಗೆ ಹೋಗಲೇಬೇಕು. ಇಂಥ ಅಂಚುಗಳು ಹೊಸದಲ್ಲ, ಶತಮಾನಗಳಿಂದ ಇದ್ದವು. ಹೊಸದಾದದ್ದು ಅವು ಹೆಚ್ಚಿದ ವೇಗ. ಇಪ್ಪತ್ತನೆಯ ಶತಮಾನದ ನಡುವಿಗೆ ಡಿಡಿಟಿ ಸಿಂಪಡಣೆಯಿಂದ ಮಲೇರಿಯಾದ ಹಿಡಿತ ಸಡಿಲಿತು, ಮಲೆನಾಡಿನಲ್ಲಿ ಬೇಸಾಯ ಹಬ್ಬಿತು. ಶರಾವತಿಗೆ ಅಣೆಕಟ್ಟು ಎದ್ದು ಮುಳುಗಡೆಯಾದವರು ಹೊಸ ನೆಲೆ ಹುಡುಕಿ ಕಾಡಿನ ಬದಿಗೆ ಬಂದರು.

ಕಾಡು ಕಡಿದು ಗದ್ದೆ ಮಾಡಿದ್ದು, ದನಗಳನ್ನು ಒಳಕ್ಕೆ ಮೇಯಲು ಬಿಟ್ಟದ್ದು ರೋಗಕ್ಕೆ ದಾರಿಯಾಯಿತು ಎಂದು ಬೊಶೆಲ್ 1969ರಲ್ಲಿ ಬರೆದ ಲೇಖನದಲ್ಲಿ ವಾದಿಸಿದರು. ವೈರಸ್ ಹೊರಗಿನಿಂದ ಬಂದದ್ದಲ್ಲ, ಇಲಿ, ಅಳಿಲುಗಳ ನಡುವೆ ಸದ್ದಿಲ್ಲದೆ ಮೊದಲಿನಿಂದ ಇದ್ದದ್ದು, ನಾವು ಅದಕ್ಕೆ ಹೊಸ ಮೈಗಳನ್ನು ಒದಗಿಸಿದೆವು ಎಂಬುದು ಅವರ ವಾದದ ಸಾರ. ಕೊಲಂಬಿಯಾದಲ್ಲಿ ಕೊಡಲಿ ಮಾಡಿದ ಕೆಲಸವನ್ನು ಇಲ್ಲಿ ಕೊಡಲಿಯೂ ದನವೂ ಸೇರಿ ಮಾಡಿದ್ದವು.

ದನದ ಪಾತ್ರ ತಿಳಿಯಬೇಕಾದರೆ ಉಣುಗಿನ ಬದುಕು ನೋಡಬೇಕು. ಈ ಉಣುಗು ಜೀವಮಾನದಲ್ಲಿ ಮೂರೇ ಸಲ ಉಣ್ಣುತ್ತದೆ, ಮೂರು ಸಲವೂ ಬೇರೆ ಬೇರೆ ಮೈಯಲ್ಲಿ. ಮೊಟ್ಟೆಯೊಡೆದ ಮರಿ ಇಲಿ, ಹಕ್ಕಿ, ಮಂಗ ಯಾವುದಾದರೂ ಸಿಕ್ಕಿದ್ದಕ್ಕೆ ಕಚ್ಚಿಕೊಂಡು, ಹೀರಿ, ಉದುರಿ, ಪೊರೆ ಬಿಡುತ್ತದೆ. ಆಗ ಅದು ಕಣ್ಣಿಗೆ ಸುಲಭವಾಗಿ ಕಾಣದಷ್ಟು ಚಿಕ್ಕ, ಎಂಟು ಕಾಲಿನ ಎಳೆ ಉಣುಗು. ಅದು ಮತ್ತೆ ಮಂಗಕ್ಕೋ ಇಲಿಗೋ ಮನುಷ್ಯನಿಗೋ ಹತ್ತುತ್ತದೆ. ಬಲಿತ ಮೇಲೆ ಅದಕ್ಕೆ ಬೇಕಾದದ್ದು ದೊಡ್ಡ ಪ್ರಾಣಿ. ಹಿಂದೆ ಅದು ಕಡವೆ, ಕಾಡೆಮ್ಮೆಗಳಿಗೆ ಕಾಯಬೇಕಿತ್ತು. ಕಾಡಿಗೆ ಬಿಟ್ಟ ದನ ಅದಕ್ಕೆ ದಿನವೂ ಊಟ ಬಡಿಸಿತು. ದನಕ್ಕೆ ಈ ವೈರಸ್‌ನಿಂದ ಕಾಯಿಲೆಯೇನೂ ಬರುವುದಿಲ್ಲ, ಅದರ ರಕ್ತದಿಂದ ಉಣುಗಿಗೆ ವೈರಸ್ ಹತ್ತುವುದೂ ಹೆಚ್ಚಿಲ್ಲ. ಆದರೆ ಹೀರಿ ಬಲಿತ ಹೆಣ್ಣು ಉಣುಗು ಉದುರಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ.

ಮಂಗದ ಪಾಡು ಬೇರೆ. ಅದರ ರಕ್ತದಲ್ಲಿ ವೈರಸ್ ವಿಪರೀತ ಹೆಚ್ಚುತ್ತದೆ, ಮೈಯ ಮೇಲಿನ ನೂರಾರು ಮರಿ ಉಣುಗುಗಳಿಗೆ ಒಂದೇ ಸಲ ಸೋಂಕು ಹತ್ತುತ್ತದೆ. ಮಂಗ ಸತ್ತು ಮೈ ತಣ್ಣಗಾದೊಡನೆ ಅವೆಲ್ಲ ಕೆಳಗಿಳಿದು ಸುತ್ತಲಿನ ತರಗೆಲೆಗಳಲ್ಲಿ ಹರಡುತ್ತವೆ. ಮಂಗ ಬಿದ್ದ ಜಾಗ ಮುಂದಿನ ದಿನಗಳಲ್ಲಿ ಊರಿಗೇ ಅಪಾಯದ ತಾಣ. ಹನುಮನ ವಂಶದ್ದೆಂದು ಸತ್ತ ಮಂಗಕ್ಕೆ ಹೂ ಹಾಕಿ, ಎತ್ತಿಕೊಂಡು ಮೆರವಣಿಗೆ ಮಾಡಿ ಮಣ್ಣು ಮಾಡುವ ಪದ್ಧತಿ ನಮ್ಮ ಹಳ್ಳಿಗಳಲ್ಲಿದೆ. ಆ ಭಕ್ತಿಯೇ ಮಲೆನಾಡಿನಲ್ಲಿ ಸೋಂಕಿಗೆ ಹಾದಿಯಾಗಬಲ್ಲದು. ಮಳೆ ಮುಗಿದ ಮೇಲೆ ಮರಿಗಳು, ಚಳಿ ಕಳೆದು ಬೇಸಿಗೆ ಹತ್ತುತ್ತಿದ್ದಂತೆ ಎಳೆ ಉಣುಗುಗಳು ಹೆಚ್ಚುವುದರಿಂದ ರೋಗದ ಕಾಲವೂ ನವೆಂಬರ್‌ನಿಂದ ಜೂನ್. ದರಕು ಗುಡಿಸುವ, ಸೌದೆ ಕೂಡಿಡುವ ಕಾಲವೂ ಅದೇ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ವೈರಸ್‌ಗೆ ನಾವು ದಾರಿ ಮುಗಿಯುವ ಓಣಿ.

ಇದೇ ಜಿಲ್ಲೆಯ ಇನ್ನೊಂದು ತುದಿ ಭದ್ರಾವತಿ. ಹಳೆಯ ಬೆಂಕಿಪುರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಎದ್ದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರುಮಾಡಿದ್ದು ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಸೌದೆಯ ಇದ್ದಿಲನ್ನು ನೆಚ್ಚಿ. 1930ರ ದಶಕದಲ್ಲಿ ಕಾಗದದ ಕಾರ್ಖಾನೆಯೂ ಬಂತು. ಕಾರ್ಮಿಕರಿಗಾಗಿ ನ್ಯೂ ಟೌನ್ ಬೆಳೆಯಿತು. ಇದಕ್ಕೂ ಕ್ಯಾಸನೂರಿನ ರೋಗಕ್ಕೂ ನೇರ ನಂಟಿಲ್ಲ. ಆದರೆ ನ್ಯೂ ಟೌನಿನ ಓಣಿಯವರಿಗೆ ಮಳೆಗಾಲದಲ್ಲಿ ಕಾಡುವ ಡೆಂಗಿಗೂ ಸೊರಬದ ಮಂಗನ ಕಾಯಿಲೆಗೂ ರಕ್ತಸಂಬಂಧವಿದೆ. ಎರಡೂ ಫ್ಲೇವಿವೈರಸ್ ಎಂಬ ಒಂದೇ ಕುಲದವು. ಹಳದಿ ಜ್ವರ, ಝೀಕಾ, ಹಾಗೆಯೇ ಕೋಲಾರ, ಮಂಡ್ಯ ಕಡೆ ಮಕ್ಕಳನ್ನು ಕಾಡಿದ ಜಪಾನೀ ಮಿದುಳು ಜ್ವರ ಇವೂ ಅದೇ ಕುಲ.

ಡೆಂಗಿಯೂ ಒಂದು ಕಾಲಕ್ಕೆ ಮಂಗನ ಕಾಯಿಲೆಯೇ. ಮಲೇಷ್ಯಾ, ಪಶ್ಚಿಮ ಆಫ್ರಿಕಾದ ಕಾಡುಗಳಲ್ಲಿ ಮಂಗಗಳ ನಡುವೆ ಕಾಡುಸೊಳ್ಳೆಗಳು ಹರಡುವ ಡೆಂಗಿ ತಳಿಗಳು ಈಗಲೂ ಇವೆ. ನೂರರಿಂದ ಸಾವಿರದ ಐನೂರು ವರ್ಷಗಳ ಹಿಂದಿನ ಯಾವುದೋ ಕಾಲದಲ್ಲಿ, ನಾಲ್ಕು ಸಲ ಬೇರೆ ಬೇರೆಯಾಗಿ, ಅದು ಮನುಷ್ಯನಿಗೆ ದಾಟಿತೆಂದು ವಂಶವಾಹಿ ಲೆಕ್ಕ ಹೇಳುತ್ತದೆ. ಇಂದಿನ ಡೆಂಗಿಯ ನಾಲ್ಕು ಬಗೆಗಳು ಆ ನಾಲ್ಕು ದಾಟುಗಳ ಮಕ್ಕಳು. ಅದಕ್ಕೀಗ ಕಾಡೂ ಬೇಡ, ಮಂಗವೂ ಬೇಡ. ಒಂದು ಡ್ರಮ್ ನೀರು, ಒಂದು ಹಳೆಯ ಟೈರು, ಒತ್ತೊತ್ತಾಗಿ ಬದುಕುವ ಜನ ಇದ್ದರೆ ಸಾಕು. ಮಂಗನ ಕಾಯಿಲೆಯ ವೈರಸ್ ಇನ್ನೂ ಕಾಡು ಬಿಟ್ಟಿಲ್ಲ. ಒಂದೇ ಕುಲದ ವೈರಸ್‌ಗಳು ಹಿಡಿದ ಎರಡು ದಾರಿಗಳನ್ನು ಈ ಒಂದೇ ಜಿಲ್ಲೆಯಲ್ಲಿ ನೋಡಬಹುದು.

ಈ ವ್ಯತ್ಯಾಸದಲ್ಲಿ ವಾಹಕದ ಪಾತ್ರ ದೊಡ್ಡದು. ಈ ಕುಲದ ವೈರಸ್ ಎಂದರೆ ಸುಮಾರು ಹನ್ನೊಂದು ಸಾವಿರ ಅಕ್ಷರಗಳ ಒಂದೆಳೆ ಆರ್‌ಎನ್‌ಎ. ನಕಲಾಗುವಾಗ ತಪ್ಪು ತಿದ್ದುವ ವ್ಯವಸ್ಥೆ ಅದಕ್ಕಿಲ್ಲ, ಹಾಗಾಗಿ ಬದಲಾವಣೆಗಳು ಸದಾ ಹುಟ್ಟುತ್ತಿರುತ್ತವೆ. ಆದರೆ ಉಳಿಯಬೇಕಾದರೆ ಬದಲಾದ ವೈರಸ್ ಕೀಟದ ಮೈಯಲ್ಲೂ ಬದುಕಬೇಕು, ಪ್ರಾಣಿಯ ಮೈಯಲ್ಲೂ ಬದುಕಬೇಕು. ಒಂದು ಕಡೆ ಲಾಭ ತಂದ ತಿದ್ದುಪಡಿ ಇನ್ನೊಂದು ಕಡೆ ಮುಳುವಾಗಬಹುದು. ಕೆಲವೇ ವಾರ ಬದುಕುವ ಸೊಳ್ಳೆ ಬೇಗ ಬೇಗ ಕಚ್ಚಿ, ವೈರಸ್ಸನ್ನು ಬೇಗ ದಾಟಿಸಿ, ಅದಕ್ಕೆ ಬದಲಾಗಲು ಹೆಚ್ಚು ಅವಕಾಶ ಕೊಡುತ್ತದೆ. ಉಣುಗು ತಿಂಗಳುಗಟ್ಟಲೆ ಉಪವಾಸ ಕೂರಬಲ್ಲದು, ವೈರಸ್ಸೂ ಅದರೊಳಗೆ ಕೂತಿರುತ್ತದೆ. 1957ರಿಂದ 2006ರವರೆಗೆ ಭಾರತದಲ್ಲಿ ಸಂಗ್ರಹಿಸಿದ 48 ಮಂಗನ ಕಾಯಿಲೆ ವೈರಸ್‌ಗಳನ್ನು ಪುಣೆಯ ವಿಜ್ಞಾನಿಗಳು ಹೋಲಿಸಿ ನೋಡಿದಾಗ ಅವುಗಳ ನಡುವಿನ ವ್ಯತ್ಯಾಸ ಶೇ. 1.2ರಷ್ಟೇ ಇತ್ತು.

ಬೇಗ ಬದಲಾಗುವುದೆಂದರೇನೆಂದು ತಿಳಿಯಲು 2006ರಲ್ಲಿ ಕನ್ನಡ ನಾಡನ್ನು ಕಾಡಿದ ಚಿಕುನ್‌ಗುನ್ಯಾವನ್ನು ನೋಡಬಹುದು. ಅದು ಬೇರೆ ಕುಲದ ವೈರಸ್, ಆಫ್ರಿಕಾದಲ್ಲಿ ಮಂಗಗಳ ನಡುವಿನಿಂದ ಬಂದದ್ದು. ಆ ವರ್ಷ ರಾಜ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಅದೇ ಹೊತ್ತಿಗೆ ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದಲ್ಲಿ ಆ ವೈರಸ್‌ನ ಹೊರಕವಚದ ಒಂದೇ ಒಂದು ಅಮೈನೋ ಆಮ್ಲ ಬದಲಾಗಿ ಅದು ಈಡಿಸ್ ಆಲ್ಬೊಪಿಕ್ಟಸ್ ಎಂಬ ತೋಟದ ಸೊಳ್ಳೆಗೆ ಚೆನ್ನಾಗಿ ಹೊಂದಿಕೊಂಡಿತು. 2007ರಲ್ಲಿ ಕೇರಳದಲ್ಲೂ ಅದೇ ಬದಲಾವಣೆ ಕಾಣಿಸಿತು.

ಮಂಗನ ಕಾಯಿಲೆಯ ವಯಸ್ಸು ಮಾತ್ರ ಇನ್ನೂ ವಾದದ ವಿಷಯ. 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಅಲ್ಖುರ್ಮಾ ಎಂಬ ವೈರಸ್ ಸಿಕ್ಕಿತು. ಒಂಟೆ, ಕುರಿಗಳ ಉಣುಗಿನದು, ಕ್ಯಾಸನೂರಿನದಕ್ಕೆ ಅತಿ ಹತ್ತಿರದ್ದು. ಇವೆರಡೂ ಬೇರೆಯಾದದ್ದು 1942ರ ಸುಮಾರಿಗೆ ಎಂದು 2009ರ ಒಂದು ಲೆಕ್ಕ. ಪೂರ್ತಿ ವಂಶವಾಹಿ ಇಟ್ಟುಕೊಂಡು 2011ರಲ್ಲಿ ಮಾಡಿದ ಇನ್ನೊಂದು ಲೆಕ್ಕ ಸುಮಾರು ಏಳುನೂರು ವರ್ಷಗಳ ಹಿಂದೆ ಎನ್ನುತ್ತದೆ. ಎರಡನೆಯದು ಸರಿಯಾದರೆ, ವಿಜಯನಗರ ಹುಟ್ಟುವ ಕಾಲಕ್ಕೇ ಈ ವೈರಸ್ ತನ್ನ ದಾರಿ ಹಿಡಿದಿತ್ತು, ಬೊಶೆಲ್ ಹೇಳಿದಂತೆ ಇಲಿ, ಉಣುಗುಗಳ ನಡುವೆ ಸದ್ದಿಲ್ಲದೆ ಕಾಲ ಕಳೆದಿತ್ತು.

ಆಮೇಲಿನ ಹರಡುವಿಕೆಯೂ ಆ ಮಾತಿಗೇ ಪುಷ್ಟಿ ಕೊಡುತ್ತದೆ. 1980ರ ದಶಕದ ಮೊದಲಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ ಕಾಡು ಕಡಿದ ಬೆನ್ನಿಗೇ ಅಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ ರೋಗ ಬಂತು, ನೂರಕ್ಕೂ ಹೆಚ್ಚು ಜನ ಸತ್ತರು. ಮೂರು ದಶಕಗಳ ಕಾಲ ಇದು ಕರ್ನಾಟಕದ ಕೆಲವೇ ಜಿಲ್ಲೆಗಳ ಕಾಯಿಲೆ ಎಂದು ದೇಶ ನೆಮ್ಮದಿಯಾಗಿತ್ತು. 2012ರಲ್ಲಿ ಬಂಡೀಪುರದ ಮಂಗಗಳಲ್ಲಿ, ಆಮೇಲೆ ಕೇರಳದ ವಯನಾಡು, ಮಲಪ್ಪುರಂನಲ್ಲಿ, 2015ರಲ್ಲಿ ಗೋವಾದ ಸತ್ತರಿಯಲ್ಲಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ ಕಾಣಿಸಿಕೊಂಡಾಗ ಇದು ಪಶ್ಚಿಮ ಘಟ್ಟದುದ್ದದ ಕಾಯಿಲೆಯೆಂದು ಎಲ್ಲರಿಗೂ ಗೊತ್ತಾಯಿತು. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮತ್ತೆ ಸಾವುಗಳಾದವು. ಜನ ಊರು ಬಿಟ್ಟು ನೆಂಟರ ಮನೆ ಸೇರಿದರು, ಆಂಬುಲೆನ್ಸುಗಳು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೂ ಮಣಿಪಾಲಕ್ಕೂ ಓಡಿದವು. ಸೋಂಕು ತಗುಲಿದ ನೂರು ಜನರಲ್ಲಿ ಮೂರರಿಂದ ಐವರು ಸಾಯುವ ಈ ರೋಗಕ್ಕೆ ನೇರ ಔಷಧಿಯಿಲ್ಲ. ಹೊತ್ತಿಗೆ ಸರಿಯಾಗಿ ಸಿಕ್ಕುವ ಆರೈಕೆಯೊಂದೇ ದಿಕ್ಕು.

ಲಸಿಕೆಯ ಚರಿತ್ರೆ ಅಷ್ಟೇನೂ ಹೆಮ್ಮೆಯದಲ್ಲ. ಶುರುವಿನಲ್ಲಿ ರಷ್ಯಾದ ನೆಂಟ ವೈರಸ್‌ನ ಲಸಿಕೆ ಹಾಕಿ ನೋಡಿದರು, ಉಪಯೋಗವಾಗಲಿಲ್ಲ. ಕೋಳಿಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ ಫಾರ್ಮಲಿನ್‌ನಿಂದ ಸಾಯಿಸಿದ ವೈರಸ್‌ನ ಲಸಿಕೆ 1990ರ ಹೊತ್ತಿಗೆ ಬಳಕೆಗೆ ಬಂತು. ಮುಂದೆ ಅದನ್ನು ತಯಾರಿಸುತ್ತಿದ್ದದ್ದು ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ. ಮೊದಲ ಕ್ಷೇತ್ರ ಪರೀಕ್ಷೆಯಲ್ಲಿ ಎರಡು ಡೋಸಿನ ಪರಿಣಾಮ ಶೇ. 93ಕ್ಕಿಂತ ಹೆಚ್ಚೆಂದು ಕಂಡಿತ್ತು. 2005ರಿಂದ 2010ರವರೆಗಿನ ಲೆಕ್ಕ ತೆಗೆದಾಗ ಅದು ಶೇ. 62ಕ್ಕೆ ಇಳಿದಿತ್ತು, ಬೂಸ್ಟರ್ ಹಾಕಿಸಿಕೊಂಡವರಲ್ಲಿ ಶೇ. 83ರ ಹತ್ತಿರ. ಚುಚ್ಚಿದ ಜಾಗದ ನೋವು, ವರ್ಷ ವರ್ಷವೂ ಬೂಸ್ಟರ್ ಎಂಬ ಕಾಟಕ್ಕೆ ಬಹಳ ಜನ ಅರ್ಧಕ್ಕೇ ಬಿಟ್ಟರು. ಪರಿಣಾಮ ಸಾಲದೆಂದು 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಲಾಯಿತು. ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಜೊತೆ ಸೇರಿ ವೈದ್ಯಕೀಯ ಸಂಶೋಧನಾ ಮಂಡಳಿ ಹೊಸ ಲಸಿಕೆಗೆ ಕೈಹಾಕಿದೆ. ಅಲ್ಲಿಯವರೆಗೆ ಕಾಡಿಗೆ ಹೋಗುವವರ ಕೈಗೆ ಸಿಗುವುದು ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಡೇಪಾ ತೈಲ.

ಈ ರೋಗಕ್ಕೆ ಮಂಗನ ಹೆಸರು ಅಂಟಿದ್ದರಿಂದ ಮಂಗವೇ ರೋಗ ತರುವುದೆಂಬ ಸಿಟ್ಟು ಮಲೆನಾಡಿನಲ್ಲಿ ಇಂದಿಗೂ ಇದೆ. ತೋಟದ ಫಸಲು ಹಾಳುಮಾಡುವ ಮಂಗದ ಮೇಲೆ ಅದು ಇನ್ನೂ ಬೇಗ ತಿರುಗುತ್ತದೆ. ದಾಖಲೆಗಳು ಹೇಳುವುದು ಬೇರೆ: ನಮಗಿಂತ ಮೊದಲು ಸಾಯುವುದು ಮಂಗ, ಮುನ್ಸೂಚನೆ ಸಿಗುವುದು ಅದರ ಸಾವಿನಿಂದ. ವೈರಸ್ಸನ್ನು ಇಲಿ ಮತ್ತು ಉಣುಗುಗಳ ಹಳೆಯ ಸುತ್ತಿನಿಂದ ನಮ್ಮ ಅಂಗಳಕ್ಕೆ ಎಳೆದದ್ದು ಕಾಡಿನಂಚನ್ನು ಅಂಕೆಯಿಲ್ಲದೆ ಹರಿದು ಹಂಚಿದ ನಮ್ಮ ಕೈ. ಹೊಸ ಲಸಿಕೆ ಬಂದರೂ ಈ ಅಂಚಿನ ಲೆಕ್ಕ ತಪ್ಪುವುದಿಲ್ಲ. ಎಲ್ಲಿ ಕಾಡು ಕಡಿದರು, ಎಲ್ಲಿ ದನ ಬಿಟ್ಟರು, ಎಲ್ಲಿ ಮಂಗ ಸತ್ತಿತು ಎಂಬ ಮೂರನ್ನೂ ಅರಣ್ಯ, ಪಶುಸಂಗೋಪನೆ, ಆರೋಗ್ಯ ಇಲಾಖೆಗಳು ಒಂದೇ ನಕ್ಷೆಯಲ್ಲಿ ಗುರುತಿಸಿ ನೋಡಬೇಕು.

ಊರಿನವರು ಮಾಡಬಹುದಾದದ್ದೂ ಇದೆ. ಕಾಡಿನಂಚಿನಲ್ಲಿ ಸತ್ತ ಮಂಗ ಕಂಡರೆ ಮುಟ್ಟಬೇಡಿ, ನೀವಾಗಿ ಹೂಳಬೇಡಿ, ಆ ಜಾಗದಲ್ಲಿ ದರಕು ಗುಡಿಸಬೇಡಿ. ಅಂದೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಗ್ರಾಮ ಪಂಚಾಯಿತಿಗೋ ತಿಳಿಸಿ. ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ತೈಲ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ತೊಳೆಯಿರಿ. ಕಾಡಿಗೆ ಹೋಗಿಬಂದ ಮೇಲೆ ಜ್ವರ ಬಂದರೆ ಆ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಿ.